ಗೊರಸಿನ ಲೆಕ್ಕ

ನಮ್ಮೂರಿನಲ್ಲಿ ಹಸು ಕುಂಟಿದರೆ ಮೊದಲು ಬರುವ ಮಾತು ಕಾಲುಬಾಯಿ ಜ್ವರ. ಅದಲ್ಲದಿದ್ದರೆ ಮುಳ್ಳು ಚುಚ್ಚಿರಬೇಕು ಎನ್ನುತ್ತಾರೆ. ಮೇವಿಗೂ ಗೊರಸಿಗೂ ಸಂಬಂಧವಿದೆ ಎಂದು ನನಗೆ ತಿಳಿದದ್ದು ಹಾಸನದಲ್ಲಲ್ಲ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಾರ್ನಂಬೂಲ್‌ನಲ್ಲಿ. ಅದೂ ಲೆಕ್ಕಪತ್ರ ನೋಡುತ್ತಾ.

ಇಲ್ಲಿ ನನ್ನ ಬಳಿ ಲೆಕ್ಕ ಬರೆಸುವವರಲ್ಲಿ ಅರ್ಧದಷ್ಟು ಜನ ಹೈನುಗಾರರು. ಒಂದು ವರ್ಷ ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. 300 ಹಸುಗಳಿದ್ದ ಒಂದು ಕುಟುಂಬಕ್ಕೆ, ಸಾಲ ಮುಂದುವರಿಯಬೇಕಾದರೆ ಖರ್ಚು ಇಳಿಸಿ ತೋರಿಸಿ ಎಂದು ಬ್ಯಾಂಕು ಹೇಳಿತು. ಮೇವಿನ ಬಿಲ್ಲಿನಲ್ಲಿ ಸತು, ಬಯೋಟಿನ್ ಎಂಬ ಬಾಬ್ತುಗಳಿದ್ದವು. ಇವನ್ನು ನಿಲ್ಲಿಸಿದರೆ ಹಾಲು ಇಳಿಯುತ್ತದೆಯೇ ಎಂದು ಕೇಳಿದೆ. "ನಾಳೆಯೇ ಏನೂ ಆಗುವುದಿಲ್ಲ," ಎಂದರು ಯಜಮಾನರು. "ಆರು ತಿಂಗಳು ಕಳೆದ ಮೇಲೆ ಹಸು ಕುಂಟುತ್ತದೆ."

ಅವರು ವಿವರಿಸಿದ್ದು ಇಷ್ಟು. ಇಲ್ಲಿ ಹಾಲು ಕರೆಯುವಾಗ ಹಸುಗಳಿಗೆ ಪುಡಿ ಮಾಡಿದ ಗೋಧಿ, ಬಾರ್ಲಿ ಕೊಡುತ್ತಾರೆ. ವಸಂತದ ಎಳೆಯ ರೈ ಹುಲ್ಲಿನಲ್ಲಿ ನಾರು ಕಡಿಮೆ. ನಾರು ಕಡಿಮೆಯಾದರೆ ಮೆಲುಕು ಕಡಿಮೆ, ಮೆಲುಕು ಕಡಿಮೆಯಾದರೆ ಜೊಲ್ಲು ಕಡಿಮೆ. ಹೊಟ್ಟೆಯ ಹುಳಿಯನ್ನು ತಗ್ಗಿಸುವ ಸೋಡಾ ಇರುವುದು ಆ ಜೊಲ್ಲಿನಲ್ಲೇ. ಹುಳಿ ಏರಿದರೆ ಗೊರಸಿನೊಳಗಿನ ರಕ್ತಸಂಚಾರ ಕೆಡಬಹುದು. ಗಟ್ಟಿ ಗೊರಸಿಗೆ ಬೇಕಾದ ಬಯೋಟಿನ್ನನ್ನು ಹೊಟ್ಟೆಯ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ. ಹುಳಿ ಹೆಚ್ಚಾದಾಗ ಅದೂ ತಗ್ಗುತ್ತದೆ. ಕರು ಹಾಕಿದ ಮೇಲೆ ಹಸು ಸೊರಗಿದರೆ ಗೊರಸಿನೊಳಗಿನ ಕೊಬ್ಬಿನ ಮೆತ್ತೆ ತೆಳುವಾಗಿ ಅಂಗಾಲು ಹುಣ್ಣಾಗುತ್ತದೆ. ಆದ್ದರಿಂದ ಒಣಹುಲ್ಲು ಬೇಕೇ ಬೇಕು. ಬಯೋಟಿನ್ ಹಸುವೊಂದಕ್ಕೆ ದಿನಕ್ಕೆ 20 ಮಿಲಿಗ್ರಾಂ. 300 ಹಸುಗಳಿಗೆ ಸೇರಿ ಬರೀ 6 ಗ್ರಾಂ! ಆದರೆ ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿಲಿಮೀಟರ್. ಇಂದು ತಿಂದದ್ದು ನೆಲ ಮುಟ್ಟುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಆಸ್ಟ್ರೇಲಿಯಾದಲ್ಲಿ ಆರ್ಥಿಕ ವರ್ಷ ಮುಗಿಯುವುದು ಜೂನ್ 30ಕ್ಕೆ. ಮಾರ್ಚ್‌ನಲ್ಲಿ ಬಯೋಟಿನ್ ನಿಲ್ಲಿಸಿದರೆ ಉಳಿತಾಯ ಈ ವರ್ಷದ ಲೆಕ್ಕಕ್ಕೆ ಬರುತ್ತದೆ. ನಷ್ಟ ಮುಂದಿನ ವರ್ಷಕ್ಕೆ, ಅದೂ ಬೇರೆ ಬೇರೆ ಹೆಸರಿನಲ್ಲಿ: ಪಶುವೈದ್ಯರ ಬಿಲ್ಲು, ಔಷಧಿ ಕೊಟ್ಟಿದ್ದರಿಂದ ಚೆಲ್ಲಿದ ಹಾಲು, ಗಬ್ಬ ನಿಲ್ಲದ ಹಸು, ವಯಸ್ಸಿಗೆ ಮುಂಚೆ ಮಾರಿದ ಹಸು. ಅದರಲ್ಲೆಲ್ಲೂ ಮೇವು ಎಂಬ ಪದವೇ ಇರುವುದಿಲ್ಲ. ಖರ್ಚನ್ನು ಅದರಿಂದ ಬರುವ ಆದಾಯದ ಜೊತೆಗಿಟ್ಟೇ ನೋಡಬೇಕೆಂದು ಸಿಎ ಓದುವಾಗ ಕಲಿತಿದ್ದೆ. ಬ್ಯಾಂಕಿಗೆ ಒಂದು ವರ್ಷದ ಬದಲು 18 ತಿಂಗಳ ಅಂದಾಜು ಪಟ್ಟಿ ಮಾಡಿ ಕಳಿಸಿದೆ. ಒಣಹುಲ್ಲು, ಸತು, ಬಯೋಟಿನ್ ಉಳಿದವು. ಹೊಸ ಟ್ರ್ಯಾಕ್ಟರ್ ಮುಂದಕ್ಕೆ ಹೋಯಿತು. ಸಾಲ ಮುಂದುವರಿಯಿತು.

ಊರಿನಲ್ಲಿ ಅಣ್ಣನಿಗೂ ಎರಡು ಎಚ್‌ಎಫ್ ಹಸುಗಳಿವೆ. ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸ ತಂದು ಹಸುವಿನ ಮುಂದೆ ಸುರಿಯುವುದು ನಮ್ಮ ಕಡೆ ವಾಡಿಕೆ. ಅನ್ನ ಹಾಳಾಗಬಾರದು ಎಂಬ ಒಳ್ಳೆಯ ಮನಸ್ಸೇ ಅದಕ್ಕೆ ಕಾರಣ. ಆದರೆ ಬೆಂದ ಅನ್ನ ಹೊಟ್ಟೆಯಲ್ಲಿ ಬಹಳ ಬೇಗ ಹುಳಿಯಾಗುತ್ತದೆ. ಅತಿಯಾದರೆ ಪ್ರಾಣಕ್ಕೇ ಕುತ್ತು. ಬದುಕಿ ಉಳಿದ ಹಸುವಿಗೂ ಆಮೇಲೆ ಗೊರಸಿನ ತೊಂದರೆ ಬರಬಹುದು. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ, "ಲೆಕ್ಕ ಬರೆಯೋನಿಗೆ ದನದ ಉಸಾಬರಿ ಯಾಕೋ?" ಎಂದು ನಕ್ಕ. "ನನ್ನ ಮಾತು ಬಿಡಣ್ಣ, ಡಾಕ್ಟರನ್ನೇ ಕೇಳು," ಎಂದೆ.

ಕೇಳಿದನಂತೆ. ಈಗ ಮೊದಲು ರಾಗಿ ಹುಲ್ಲು, ಆಮೇಲೆ ಹಿಂಡಿ, ಬೂಸ. ಅದನ್ನೂ ದಿನಕ್ಕೆ ಮೂರು ಸಲ ಹಂಚಿ ಹಾಕುತ್ತಾನೆ. ಅನ್ನ ಪೂರ್ತಿ ನಿಂತಿಲ್ಲ, ಒಂದು ಹಿಡಿಗೆ ಇಳಿದಿದೆ. "ಮನೆಗೆ ಬಂದ ಅನ್ನವನ್ನು ಹಸುವಿಗೆ ಇಡದೆ ಇರೋಕಾಗುತ್ತೇನೋ?" ಎನ್ನುತ್ತಾನೆ. ಆ ಒಂದು ಹಿಡಿಗೆ ನನ್ನ ತಕರಾರಿಲ್ಲ.