ಬಿಸಿನೀರ ಬುಗ್ಗೆಗಳ ನಾಡಿನಲ್ಲಿ ಮನೆಬಂಡಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮದ ಪರ್ವತಪ್ರದೇಶದಲ್ಲಿ ಯೆಲ್ಲೋಸ್ಟೋನ್ ಎಂಬ ವಿಶಾಲವಾದ ಅರಣ್ಯಭೂಮಿಯಿರುವುದು. 1872ನೆಯ ಇಸವಿಯಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. ಇಂತಹ ಉದ್ಯಾನಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧಿ. ಭೂಗರ್ಭದ ತಾಪದಿಂದ ಕುದಿದ ನೀರು ಇಲ್ಲಿ ಅನೇಕ ಕಡೆಗಳಲ್ಲಿ ಆಕಾಶಕ್ಕೆ ಚಿಮ್ಮುವುದು. 2023ನೆಯ ಇಸವಿ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ನಾವು ನಮ್ಮ ಮನೆಯವರೊಡನೆಯೂ, ಸಾಲ್ಟ್ ಲೇಕ್ ಸಿಟಿಯಲ್ಲಿ ವಾಸವಾಗಿರುವ ಮಗಳು ಅಳಿಯಂದಿರೊಡನೆಯೂ ಇದನ್ನು ನೋಡಲು ಹೋದೆವು. ಎಂಟು ತಿಂಗಳ ಮೊಮ್ಮಗಳೂ ಜೊತೆಯಲ್ಲಿದ್ದಳು.

ವೆಸ್ಟ್ ಯೆಲ್ಲೋಸ್ಟೋನ್ ಎಂಬ ಊರಿನಿಂದ 14 ಮೈಲಿ ಒಳಗೆ ಮ್ಯಾಡಿಸನ್ ಎಂಬ ಬೀಡಿನ ಸ್ಥಳವಿದೆ. ಫೈರ್‌ಹೋಲ್, ಗಿಬ್ಬನ್ ಎಂಬೆರಡು ನದಿಗಳು ಅಲ್ಲಿ ಸಂಗಮಿಸಿ ಮ್ಯಾಡಿಸನ್ ನದಿಯೆನಿಸುವುವು. ಸಂಜೆಯಾದರೆ ಎಲ್ಕ್ ಎಂಬ ಹಿರಿಯ ಜಿಂಕೆಗಳು ಕೊಳಲಿನಂತೆ ಕೂಗುವುವು. ಸ್ಥಳವು ಸಮುದ್ರಮಟ್ಟಕ್ಕಿಂತ ಸುಮಾರು 6,800 ಅಡಿ ಎತ್ತರದಲ್ಲಿರುವುದರಿಂದ ಆ ಕಾಲಕ್ಕಾಗಲೇ ರಾತ್ರಿ ಹುಲ್ಲಿನ ಮೇಲೆ ಹಿಮ ಹೆಪ್ಪುಗಟ್ಟುತ್ತಿತ್ತು.

ನಮ್ಮ ವಸತಿಯು ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಒಂದು ಮನೆಬಂಡಿ. ಅಲ್ಲಿಯವರು ಅದನ್ನು ಟ್ರೇಲರ್ ಎನ್ನುವರು. ಅದನ್ನು ಬೆಚ್ಚಗಿಡುವ ಕ್ರಮವು ಚಮತ್ಕಾರವಾದುದು. ಅನಿಲದ ಉರಿಯಿಂದ ಒಂದು ಚಿಕ್ಕ ಹಂಡೆಯಲ್ಲಿ ದ್ರವವು ಕಾಯುವುದು. ವಿದ್ಯುತ್ ಪಂಪು ಅದನ್ನು ಗೋಡೆಯ ಅಂಚಿನ ಕೊಳವೆಗಳಲ್ಲೆಲ್ಲ ಸುತ್ತಿಸಿ ಮತ್ತೆ ಹಂಡೆಗೆ ತರುವುದು. ದ್ರವವು ಕಾದಾಗ ಹಿಗ್ಗುವುದರಿಂದ ಆ ಹೆಚ್ಚಳಕ್ಕೆ ಎಡೆಯಾಗಲೆಂದು ಒಂದು ತೊಟ್ಟಿಯನ್ನಿಟ್ಟು, ಅದರ ಮೇಲೆ ಕನಿಷ್ಠ, ಗರಿಷ್ಠ ಎಂದು ಎರಡು ಗೆರೆಗಳನ್ನು ಎಳೆದಿರುವರು. ಬರಿಯ ನೀರಾದರೆ ಚಳಿಗೆ ಗಡ್ಡೆಕಟ್ಟಿ ಕೊಳವೆಯನ್ನು ಸೀಳುವುದರಿಂದ ಸರಿಸಮವಾಗಿ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸುವರು.

ಎರಡನೆಯ ದಿನದ ಸಂಜೆ ಅಳಿಯಂದಿರು ತೊಟ್ಟಿಯನ್ನು ನೋಡಿದಾಗ ಮಟ್ಟವು ಕನಿಷ್ಠದ ಗೆರೆಗಿಂತ ಕೆಳಗಿತ್ತು. ಒಂದು ಲೋಟದಷ್ಟು ತುಂಬಿದರು. ಮೂರನೆಯ ಸಂಜೆಯೂ ಅಷ್ಟೇ ಇಳಿದಿತ್ತು. "ಮಾವನವರೇ, ಇನ್ನೂ ಅರ್ಧ ಸೀಸೆಯಿದೆ. ಊರಿಗೆ ಹೋಗುವವರೆಗೆ ಸಾಕಾದೀತು" ಎಂದರು. ಆದರೆ ಮಗಳು ಸೀಸೆಯ ಚೀಟಿಯನ್ನು ಓದಿ, "ಅಣ್ಣಾ, ಇದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಗುಣ ವಿಷ. ಸೋರಿದ್ದು ಎಲ್ಲಿಗೆ ಹೋಗುತ್ತಿದೆಯೆಂದು ತಿಳಿಯುವವರೆಗೆ ಮಗುವನ್ನು ನೆಲಕ್ಕೆ ಬಿಡಲಾರೆ" ಎಂದಳು. ಅಂಬೆಗಾಲಿಡುವ ಕೂಸು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು. ಮೂತ್ರಪಿಂಡಗಳನ್ನೇ ಕೆಡಿಸಬಲ್ಲ ಆ ದ್ರವದ ವಿಷಯದಲ್ಲಿ, ಸುರಿದುಕೊಂಡು ಹೋದರೆ ಸಾಕೆಂಬ ಮಾತು ಸಲ್ಲದು.

ನೈಯಾಯಿಕರು ಪರಿಶೇಷಾನುಮಾನವೆಂಬ ಕ್ರಮವನ್ನು ಹೇಳುವರು. ಇರಬಹುದಾದ ಕಾರಣಗಳನ್ನು ಒಂದೊಂದಾಗಿ ತಳ್ಳಿದರೆ ಉಳಿದುದೇ ನಿಜವಾದ ಕಾರಣ. ಮಟ್ಟವು ಇಳಿದಂತೆ ಕಾಣುವುದೆಲ್ಲ ಸೋರಿಕೆಯಲ್ಲ. ಬಿಸಿಯಾಗಿದ್ದಾಗ ಒಮ್ಮೆ, ತಣ್ಣಗಿದ್ದಾಗ ಒಮ್ಮೆ ನೋಡಿದರೆ ಭೇದವು ಕಂಡೇ ಕಾಣುವುದು; ನಾವಾದರೋ ಪ್ರತಿದಿನವೂ ಉರಿ ಹಚ್ಚುವ ಮೊದಲೇ ನೋಡಿದ್ದೆವು. ಬಂಡಿಯು ಓರೆಯಾಗಿ ನಿಂತಿದ್ದರೆ ಗೆರೆಯು ಸುಳ್ಳು ಹೇಳುವುದು. ಬಂದ ದಿನವೇ ಗಾಲಿಗಳಡಿಯಲ್ಲಿ ಹಲಗೆಯಿಟ್ಟು ಸಮಮಾಡಿದ್ದಾಯಿತು. ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯು ಹೊರಬಿದ್ದಾಗಲೂ ಮಟ್ಟವು ಇಳಿಯುವುದು; ಆದರೆ ಆಗ ಗುಳುಗುಳು ಶಬ್ದ ಕೇಳುವುದು, ಇಳಿತವೂ ದಿನೇ ದಿನೇ ಕಡಿಮೆಯಾಗುವುದು. ಇಲ್ಲಿ ಶಬ್ದವೂ ಇಲ್ಲ, ಇಳಿತವೂ ಕಡಿಮೆಯಾಗಲಿಲ್ಲ. ಆವಿಯಾಗಿ ಹೋಯಿತೆನ್ನೋಣವೆಂದರೆ ದಿನಕ್ಕೊಂದು ಲೋಟದಷ್ಟು ಹೋಗಲಾರದು. ಆದಕಾರಣ ಸೋರಿಕೆಯೇ ಸರಿಯೆಂದು ನಿಶ್ಚಯವಾಯಿತು.

ಆ ರಾತ್ರಿ ಕೈಗೆಟಕುವ ಕೊಳವೆಯ ಸಂದುಗಳ ಕೆಳಗೆಲ್ಲ ಬಿಳಿಯ ಕಾಗದದ ಚೂರುಗಳನ್ನಿಟ್ಟೆವು. ಬೆಳಗ್ಗೆ ನೋಡಿದರೆ ಎಲ್ಲವೂ ಒಣಗಿಯೇ ಇದ್ದುವು! ಅವುಗಳನ್ನು ಹಾಗೆಯೇ ಬಿಟ್ಟು, ಉರಿಯನ್ನು ಆರಿಸಿ, 16 ಮೈಲಿ ದಕ್ಷಿಣದ ಓಲ್ಡ್ ಫೇತ್‌ಫುಲ್ ಬುಗ್ಗೆಯನ್ನು ನೋಡಲು ಹೊರಟೆವು. ಸುಮಾರು ಒಂದೂವರೆ ಗಂಟೆಗೊಮ್ಮೆ ಆ ನೀರು 100 ಅಡಿಗೂ ಮಿಗಿಲಾಗಿ ಏಳುವುದು. ಮಳೆಯೂ ಹಿಮವೂ ನೆಲಕ್ಕಿಳಿದು ಆ ಪಾತಾಳದ ಹಂಡೆಯನ್ನು ಮತ್ತೆ ಮತ್ತೆ ತುಂಬುತ್ತಿರುವುದರಿಂದ ಅಷ್ಟು ನೀರನ್ನು ಚೆಲ್ಲಿದರೂ ಅದಕ್ಕೆ ಕೊರತೆಯಿಲ್ಲ. ಮಗುವು ಅಜ್ಜಿಯ ತೊಡೆಯ ಮೇಲೆ ಕುಳಿತು ಚಪ್ಪಾಳೆ ತಟ್ಟಿತು.

ಸಂಜೆ ಮರಳಿ ನೋಡಿದಾಗ, ಮಗುವು ಮಲಗುವ ಮಂಚದ ಕೆಳಗಣ ಗೂಡಿನಲ್ಲಿ ಒಂದು ಕಾಗದವು ನಸುಗೆಂಪಾಗಿ ನೆನೆದಿತ್ತು. ಲೋಹದ ಕೊಳವೆಗೆ ರಬ್ಬರಿನ ಕೊಳವೆಯನ್ನು ಸೇರಿಸಿ ಕ್ಲಾಂಪಿನಿಂದ ಬಿಗಿದ ಸಂದು ಅದು. ಬಿಸಿಯಾಗಿದ್ದಾಗ ರಬ್ಬರು ಮೆತ್ತಗಾಗಿ ಹಿಗ್ಗಿ ಸಂದನ್ನು ಮುಚ್ಚುತ್ತಿತ್ತು. ತಣಿದಾಗ ಗಡುಸಾಗಿ ಕುಗ್ಗಿ ತೊಟ್ಟಿಕ್ಕುತ್ತಿತ್ತು. ರಾತ್ರಿಯ ಕಾಗದವು ಒಣಗಿದ್ದುದರ ರಹಸ್ಯ ಇದೇ. ಅಳಿಯಂದಿರು ತಿರುಪುಳಿಯಿಂದ ಕ್ಲಾಂಪನ್ನು ಹಿತವಾಗಿ ಬಿಗಿದರು. ಅತಿಯಾಗಿ ಬಿಗಿದರೆ ರಬ್ಬರೇ ಕತ್ತರಿಸೀತು. ಮಗಳು ಗೂಡನ್ನೂ ನೆಲವನ್ನೂ ಮೂರು ಸಲ ಒರಸಿ, ಆ ಬಟ್ಟೆಗಳನ್ನು ಕಾಡಿನಲ್ಲಿ ಬಿಸಾಡದೆ ಚೀಲದಲ್ಲಿ ಕಟ್ಟಿ, ಉಳಿದ ಸೀಸೆಯನ್ನು ಬೀಗದೊಳಗಿಟ್ಟಳು.

ಮುಂದಿನ ಎರಡು ದಿನವೂ ಮಟ್ಟವು ಗೆರೆಯಿಂದ ಕದಲಲಿಲ್ಲ. ಇಂತಹ ಬಂಡಿಯಲ್ಲಿ ಮಕ್ಕಳೊಡನೆ ಪ್ರಯಾಣಮಾಡುವ ವಾಚಕರು ಹೊರಡುವ ಮೊದಲು ತೊಟ್ಟಿಯ ಗೆರೆಯನ್ನು ನೋಡಿಕೊಳ್ಳಲಿ, ಒಳಗಿರುವ ದ್ರವ ಯಾವುದೆಂದು ಕೇಳಿಕೊಳ್ಳಲಿ. ವಿಷವು ಬಹಳ ಕಡಮೆಯಿರುವ ಪ್ರೊಪಿಲೀನ್ ಗ್ಲೈಕಾಲ್ ಎಂಬುದೂ ಉಂಟು. ಮಟ್ಟವು ಇಳಿದರೆ ಸೀಸೆಗೆ ಕೈಹಾಕುವ ಮೊದಲು ಕಾಗದದ ನಾಲ್ಕು ಚೂರುಗಳನ್ನು ಹುಡುಕಲಿ. ಅವುಗಳನ್ನು ಬಿಸಿಯಲ್ಲೊಮ್ಮೆ, ತಂಪಿನಲ್ಲೊಮ್ಮೆ ಪರೀಕ್ಷಿಸಲಿ.