ಒಂದು ಮೌಸ್, ನಾಲ್ಕು ಬಾಯಿ

ನಮ್ಮ ಓರಗೆಯವರು ಯಾರೇ ಸಿಗಲಿ, ಹೈಸ್ಕೂಲಿನ ಮಾತು ಶುರುವಾದರೆ ಕಂಪ್ಯೂಟರ್ ಕೋಣೆಯ ಸುದ್ದಿ ಬಾರದೆ ಇರುವುದಿಲ್ಲ. 2000ದ ಆಚೀಚೆ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದ ಕಾಲ ಅದು. ಸೋರುವ ಹೆಂಚಿನ ತರಗತಿಗಳ ನಡುವೆ ಆ ಕೋಣೆಯೊಂದಕ್ಕೆ ಕಬ್ಬಿಣದ ಬಾಗಿಲು, ಕಿಟಕಿಗೆ ಪರದೆ. ಚಪ್ಪಲಿ ಹೊರಗೆ ಬಿಡಬೇಕು. ಬರಿಗಾಲಲ್ಲಿ ಬಂದವರು ಕಾಲು ತೊಳೆದೇ ಒಳಗೆ ಬರಬೇಕು.

ಅದಕ್ಕೂ ಮೊದಲು ‘ಥಿಯರಿ’. ಬೋರ್ಡಿನ ಮೇಲೆ ಮೂರು ಚೌಕ, ಎರಡು ಬಾಣ: ಇನ್‌ಪುಟ್, ಸಿಪಿಯು, ಔಟ್‌ಪುಟ್. ಕಂಪ್ಯೂಟರಿನ ಪಿತಾಮಹ ಯಾರು ಎಂದರೆ ನಿದ್ದೆಯಲ್ಲೂ ‘ಚಾರ್ಲ್ಸ್ ಬ್ಯಾಬೇಜ್’ ಎನ್ನುತ್ತಿದ್ದೆವು. ಮೌಸ್ ಮುಟ್ಟುವ ಮೊದಲೇ ಅದರ ಚಿತ್ರ ಬರೆದು ಅಂಕ ಗಿಟ್ಟಿಸಿದ ಜಾಣರು ನಾವು.

ಒಳಗೆ ಒಂದು ಕಂಪ್ಯೂಟರಿಗೆ ನಾಲ್ಕು ಜನ. ಮೌಸ್ ಒಬ್ಬನ ಕೈಯಲ್ಲಿ, ಮಾತು ಮಿಕ್ಕ ಮೂವರದು. “ಮೇಲೆ ಹೋಗೋ, ಇನ್ನೂ ಮೇಲೆ, ಹಾಂ, ಅಲ್ಲೇ ಒತ್ತು!” ಪೇಂಟ್‌ನಲ್ಲಿ ಗೆರೆ ಸೊಟ್ಟಗಾದರೆ ಹಿಂದಿನಿಂದ ಒಬ್ಬಳು, “ಶಿಫ್ಟ್ ಒತ್ತಿ ಹಿಡ್ಕೊಂಡು ಎಳಿ, ನೆಟ್ಟಗೆ ಬರುತ್ತೆ” ಎನ್ನುತ್ತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ಆದರೂ ಎಲ್ಲರಿಗಿಂತ ಹೆಚ್ಚು ಕಲಿತವಳು ಅವಳೇ.

ಕನ್ನಡದಲ್ಲಿ ಬರೆಯುವ ‘ನುಡಿ’ ತಂತ್ರಾಂಶ ಬಂದ ಮೇಲಂತೂ ಹಬ್ಬ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಒತ್ತಕ್ಷರದ ಗುಟ್ಟೆಲ್ಲ ‘ಎಫ್’ ಕೀಲಿಯಲ್ಲಿ. ಎ, ಎಂ, ಎಫ್, ಎಂ ಒತ್ತಿದರೆ ‘ಅಮ್ಮ’! ಪರದೆಯ ಮೇಲೆ ನಮ್ಮ ಅಕ್ಷರ ಮೂಡಿದ್ದು ಕಂಡು ನಾಲ್ವರೂ ತಮ್ಮ ತಮ್ಮ ಹೆಸರು ಬರೆಸಲು ಮುಗಿಬಿದ್ದೆವು. ಸುಲಭದ ಹೆಸರಿನವರು ಬೇಗ ಮುಗಿಸಿದರು. ‘ಲಕ್ಷ್ಮಿ’ ಎಂಬ ಹೆಸರಿದ್ದವರಿಗೆ ಇಡೀ ಗುಂಪು ಸೇರಿ ಒತ್ತು ಹುಡುಕಬೇಕಾಯಿತು.

ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಯುಪಿಎಸ್ ಕೀಂ ಕೀಂ ಎನ್ನತೊಡಗಿದರೆ ಮೇಷ್ಟ್ರು, “ಸೇವ್ ಮಾಡ್ರೋ, ಸೇವ್!” ಎಂದು ಸಾಲಿನಿಂದ ಸಾಲಿಗೆ ಓಡುತ್ತಿದ್ದರು. ನಮ್ಮ ಮನೆ, ಗುಡ್ಡ, ಸೂರ್ಯ ಎಲ್ಲವೂ 1.44 ಎಂಬಿಯ ಫ್ಲಾಪಿಯೊಳಗೆ ಸೇರಬೇಕಿತ್ತು. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊ ಅದರಲ್ಲಿ ಹಿಡಿಸುವುದೇ ಕಷ್ಟ.

ಕಂಪ್ಯೂಟರ್ ಕಡಿಮೆ ಇದ್ದವೆಂದು ಆಗ ಗೊಣಗುತ್ತಿದ್ದೆವು. ಈಗನ್ನಿಸುತ್ತದೆ, ನಮ್ಮ ನಿಜವಾದ ಪಾಠ ನಡೆದದ್ದೇ ಆ ನೂಕುನುಗ್ಗಲಿನಲ್ಲಿ. ಬೇರೆಯವರ ಕೈಯಲ್ಲಿರುವ ಯಂತ್ರವನ್ನು ಬಾಯಿಮಾತಿನಿಂದ ನಡೆಸುವ ವಿದ್ಯೆ ಅದು. ಊರಿನಿಂದ ಅಪ್ಪ ಫೋನ್ ಮಾಡಿ, “ಕರೆಂಟ್ ಬಿಲ್ ಕಟ್ಟೋದು ಹೇಗೋ ಇದರಲ್ಲಿ?” ಎಂದಾಗ, ಕಣ್ಣಿಗೆ ಕಾಣದ ಪರದೆಯ ಬಗ್ಗೆ, “ಮೇಲೆ ಬಲಗಡೆ ಮೂರು ಚುಕ್ಕಿ ಇದೆ ನೋಡಿ ಅಪ್ಪ, ಅದನ್ನ ಒತ್ತಿ” ಎಂದು ಬೇಸರವಿಲ್ಲದೆ ಹೇಳಬಲ್ಲೆವಲ್ಲ, ಅದು ಆ ಮೂವರ ಸಾಲಿನಲ್ಲಿ ನಿಂತು ಕಲಿತದ್ದೇ.