ದಿನಕ್ಕೊಂದು ಶ್ಲೋಕ

ನಿವೃತ್ತರಾದ ಮೇಲೆ ನಾವು ಪುಸ್ತಕವನ್ನು ಮುಟ್ಟಿರಲಿಲ್ಲ. ಒಂದು ಸಂಜೆ ಮೊಮ್ಮಗನು, “ಅಜ್ಜಾ, ಅಮರ ಹೇಳಿಕೊಡು” ಎನ್ನಲು, ಬಾಲ್ಯದಲ್ಲಿ ಕಂಠಸ್ಥವಾಗಿದ್ದ ಸ್ವರ್ಗವರ್ಗವೇ ನಡುವೆ ತಡೆಯಿತು. ಮರೆತವರು ನಾವು, ಗದರಿಸಿದ್ದು ಮಗುವನ್ನು! ಆ ರಾತ್ರಿ ನಾಚಿಕೆಯಿಂದ ನಿದ್ರೆ ಬರಲಿಲ್ಲ.

ಮರುದಿನದಿಂದ ಸ್ನಾನವಾದೊಡನೆ ಒಂದೇ ಶ್ಲೋಕವನ್ನು ಓದಿ, ಹಿಂದಿನ ದಿನದ್ದನ್ನು ಪುಸ್ತಕ ಮುಚ್ಚಿ ಹೇಳುವ ನಿಯಮವನ್ನು ಹಿಡಿದೆವು. ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಸಿದ ಅಭ್ಯಾಸವೇ ನೆಲೆಗೊಳ್ಳುವುದೆಂದು ಪತಂಜಲಿಯ ಮತ. ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಬೋಧಿಸುತ್ತಿದ್ದೆವು. ಆಚರಣೆಗೆ ಬಂದುದು ಈಗ.

ಕೋಶದ 3 ಕಾಂಡಗಳಲ್ಲಿ ಮೊದಲನೆಯದೇ ಇನ್ನೂ ಮುಗಿದಿಲ್ಲ. ಆದರೆ ನಾವು ತಪ್ಪಿದಲ್ಲಿ ಮೊಮ್ಮಗನೇ ತಿದ್ದುತ್ತಾನೆ; ನಾವು ಗದರಿಸುವುದಿಲ್ಲ. ನೆನಪಿಗಿಂತ ಈ ತಾಳ್ಮೆಯೇ ನಮಗಾದ ದೊಡ್ಡ ಲಾಭ. ವಾಚಕರೂ ಸಣ್ಣದೊಂದು ನಿಯಮವನ್ನು ಹಿಡಿದು ನೋಡಬೇಕು.